ಮುಗಿಯದ ತಂತಿ

ಗುಬ್ಬಿಯಲ್ಲಿ ನಮ್ಮದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಮೋಟಾರಿನೊಳಗಿನ ಹಳೇ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿ ಕೊಡುವುದು ಕೆಲಸ. ಕುಣಿಗಲ್ ಕಡೆಯಿಂದ ಮದುವೆಯಾಗಿ ಬಂದಾಗ ನನಗೆ ಫ್ಯೂಸ್ ಹಾಕುವುದೂ ಗೊತ್ತಿರಲಿಲ್ಲ. ಆದರೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಇದ್ಯಾಕೆ ಹೀಗೆ, ಅದ್ಯಾಕೆ ಹಾಗೆ ಎಂದು ಮಾವನವರ ತಲೆ ತಿಂದು ತಿಂದು ಕಾಯಿಲ್ ಸುತ್ತುವುದನ್ನು ಕಲಿತೆ.

ಮಾವನವರು ಎರಡು ನೇಮ ಹಾಕಿಕೊಂಡಿದ್ದಾರೆ. ಕಿತ್ತ ಹಳೇ ತಾಮ್ರವನ್ನು ಒಂದೆಳೆಯೂ ಬಿಡದೆ ಮೋಟಾರಿನವರ ಕೈಗೇ ಕೊಡಬೇಕು. ಹೊಸ ತಂತಿಯ ತುದಿಯನ್ನು ಬ್ಲೇಡಿನಲ್ಲಿ ಕೆರೆದು, ಒಳಗಿನ ಬಣ್ಣ ನೋಡಿಯೇ ಸುತ್ತಬೇಕು. ಮೊದಲನೆಯದು ನನಗೂ ಒಪ್ಪಿಗೆ. ಎರಡನೆಯದು ವಯಸ್ಸಾದವರ ಅನುಮಾನ ಎಂದುಕೊಂಡಿದ್ದೆ. ಕೆರೆಯುತ್ತ ಕೂರುವವರು ಯಾರು? ತುದಿಗೆ ಬೆಂಕಿಕಡ್ಡಿ ತಾಗಿಸಿ, ಮೇಲಿನ ಲೇಪ ಸುಟ್ಟು, ಬಟ್ಟೆಯಲ್ಲಿ ಒರೆಸಿ, ಮಸಿ ಹಿಡಿದ ತುದಿಯನ್ನೇ ಹೊಸೆದುಬಿಡುತ್ತಿದ್ದೆ.

ತಾಮ್ರದ ಬೆಲೆ ಏರುತ್ತಲೇ ಇದ್ದ ಸಮಯ ಅದು. ತುಮಕೂರಿನ ನಮ್ಮ ಖಾಯಂ ತಂತಿ ಅಂಗಡಿಯವರನ್ನು ಯಾಕೆ ಎಂದು ಕೇಳಿದೆ.

"ಚಿಲಿ ದೇಶದಲ್ಲಿ ಗಣಿ ನಿಂತ್ರೂ ನಮ್ಗೇ ಏಟು, ಊರೂರಿಗೂ ಎಲೆಕ್ಟ್ರಿಕ್ ಗಾಡಿ ಬಂದ್ರೂ ನಮ್ಗೇ ಏಟು ಕಣಮ್ಮ. ರೇಟು ಲಂಡನ್ನಲ್ಲಿ ಆಗ್ತೈತೆ" ಎಂದರು. ಅವರಲ್ಲಿ ಸ್ಟಾಕ್ ಇರಲಿಲ್ಲ. ಪಕ್ಕದ ರಸ್ತೆಯ ಹೊಸ ಅಂಗಡಿಯಲ್ಲಿ ಎಂದಿನಷ್ಟೇ ತೂಕದ ಒಂದು ರೀಲನ್ನು ಬಿಲ್ಲಿಲ್ಲದೆ ತಂದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಫೋನ್ ತೆಗೆದು ಚಿಲಿಯ ಗಣಿ ನೋಡಿದೆ. ಬೆಟ್ಟವನ್ನೇ ತಲೆಕೆಳಗು ಮಾಡಿ ನೆಲಕ್ಕೆ ಒತ್ತಿದ ಹಾಗಿತ್ತು. ಒಂದು ಬುಟ್ಟಿ ಕಲ್ಲು ಪುಡಿ ಮಾಡಿದರೆ ಒಂದು ಅಡಿಕೆಯಷ್ಟು ತಾಮ್ರ ಸಿಕ್ಕರೆ ಹೆಚ್ಚಂತೆ. ಹಾಗಾದರೆ ನನ್ನ ತೊಡೆಯ ಮೇಲಿದ್ದ ರೀಲಿಗೆ ಎಷ್ಟು ಬುಟ್ಟಿ ಕಲ್ಲು? ಗುಬ್ಬಿ ಬಂದರೂ ಯೋಚನೆ ಮುಗಿಯಲಿಲ್ಲ.

ನಮ್ಮ ಬೀದಿ ಕೊನೆಯ ಹಿಟ್ಟಿನ ಗಿರಣಿ ಅಕ್ಕನ ಮೋಟಾರು ಸುಟ್ಟಿತ್ತು. ಗಂಡನಿಲ್ಲದ ಹೆಂಗಸು, ಆ ಗಿರಣಿಯೊಂದೇ ಅವಳಿಗೆ ಆಧಾರ. ಮಾವನವರು ಊರಲ್ಲಿರಲಿಲ್ಲ. ಆ ಹೊಸ ರೀಲು ಬಿಚ್ಚಿ ನಾನೇ ಸುತ್ತಿದೆ. ಅಂಥ ಮೋಟಾರಿಗೆ ಎಂದೂ ಒಂದು ರೀಲು ಸಾಲುವುದಿಲ್ಲ, ಎರಡನೆಯದಕ್ಕೆ ಕೈ ಹಾಕಲೇಬೇಕು. ಈ ಸಲ ಸುತ್ತಿದರೂ ಸುತ್ತಿದರೂ ತಂತಿ ಮುಗಿಯಲೇ ಇಲ್ಲ. ಕೊನೆಗೆ ಅರ್ಧಕ್ಕಿಂತ ಹೆಚ್ಚು ಉಳಿಯಿತು. ನನ್ನ ಕೈ ಪಳಗಿತು ಎಂದು ಒಳಗೊಳಗೇ ಬೀಗಿದೆ. ಮೋಟಾರಿನ ಜೊತೆ ಹಳೇ ತಾಮ್ರವನ್ನೂ ಚೀಲಕ್ಕೆ ಹಾಕಿ ಅಕ್ಕನಿಗೆ ಕೊಟ್ಟೆ.

ಮಾರನೆಯ ದಿನ ಬಂದ ಮಾವನವರಿಗೆ ರೀಲು ತೋರಿಸಿದೆ. "ನೋಡಿ ಮಾವ, ಇಷ್ಟು ಉಳಿಸಿದೀನಿ!"

ಅವರು ರೀಲನ್ನು ಕೈಯಲ್ಲಿ ತೂಗಿ, ತುದಿಯನ್ನು ಬ್ಲೇಡಿನಲ್ಲಿ ಕೆರೆದರು. ಕೆಂಪು ಬಣ್ಣದ ಕೆಳಗೆ ಬೆಳ್ಳಗಿತ್ತು.

"ಅಲ್ಯೂಮಿನಿಯಂ ಕಣವ್ವ. ಹಗುರ, ಅದೇ ತೂಕಕ್ಕೆ ಮೂರರಷ್ಟು ಉದ್ದ ಬರ್ತೈತೆ. ನೀನೇನ್ ಉಳ್ಸುದ್ಯಾ?"

"ಅಲ್ಯೂಮಿನಿಯಂ ಕೆಟ್ಟದ್ದಾ ಮಾವ?" ನನ್ನ ಬಾಯಿ ಆಗಲೂ ಸುಮ್ಮನಿರಲಿಲ್ಲ.

"ಕೆಟ್ಟದ್ದಲ್ಲ. ಅದಕ್ಕೆ ದಪ್ಪ ತಂತಿ ಬೇಕು, ದೊಡ್ಡ ಜಾಗ ಬೇಕು. ತಾಮ್ರದ ಜಾಗಕ್ಕೆ ತುರುಕಿದ್ರೆ ಕಾಯ್ತೈತೆ, ಕಾದು ಕಾದು ಸುಡ್ತೈತೆ. ಎದ್ದು ಓಡು ಮೊದ್ಲು!"

ಓಡಿದೆ. ಗಿರಣಿಯ ಮುಂದೆ ರಾಗಿ ಡಬ್ಬಗಳ ಸಾಲು. ಮೋಟಾರಿನ ಮೇಲೆ ಕೈಯಿಟ್ಟೆ, ಬಿಸಿಗೆ ಇಡಲಾಗಲಿಲ್ಲ. ಸ್ವಿಚ್ ಆರಿಸಿ, ಎಲ್ಲರ ಎದುರಿಗೇ ನಡೆದದ್ದನ್ನು ಹೇಳಿದೆ.

ಅಕ್ಕ ಸೆರಗಿನಲ್ಲಿ ಮುಖದ ಹಿಟ್ಟು ಒರೆಸಿಕೊಂಡಳು. "ನೀನು ಹೇಳ್ದೇ ಇದ್ದಿದ್ರೆ ಕರೆಂಟ್‌ನೋರ್ನ ಬೈಕೊಂಡು ಕೂತಿರ್ತಿದ್ದೆ" ಎಂದು, ಮೊಳೆಗೆ ನೇತುಹಾಕಿದ್ದ ಹಳೇ ತಾಮ್ರದ ಚೀಲ ತೆಗೆದು ನನ್ನ ಮುಂದಿಟ್ಟಳು. "ಇದನ್ನ ಕೊಟ್ಟು ತಂತಿ ತಗೊಂಬಾ. ಮಗಳ ಮದ್ವೆಗೆ ಬಿಂದಿಗೆ ಮಾಡ್ಸಣ ಅಂತ ಇಟ್ಟಿದ್ದೆ, ಇನ್ನೊಂದ್ ದಿನ ಆಯ್ತದೆ ಬುಡು."

ಆ ಚೀಲ ಮುಟ್ಟಲು ನನಗೆ ಮನಸ್ಸು ಬರಲಿಲ್ಲ. ತಪ್ಪು ನನ್ನದು, ತಾಮ್ರವೂ ನನ್ನದೇ ಇರಲಿ ಎಂದು ಮನೆಗೆ ಬಂದು ಅಟ್ಟದ ಮೇಲಿನ ಹಂಡೆ ಇಳಿಸಿದೆ. ಹುಲಿಯೂರುದುರ್ಗದ ಅಂಗಡಿಯಲ್ಲಿ ಅಮ್ಮ ಕೊಂಡ ಹಂಡೆ. ಚಿಕ್ಕಂದಿನಲ್ಲಿ ಅದರ ನೀರಲ್ಲೇ ನನಗೆ ಸ್ನಾನ. ಮದುವೆಯಲ್ಲಿ ನನ್ನ ಜೊತೆ ಬಂದಿತ್ತು. ಗೀಸರ್ ಬಂದ ಮೇಲೆ ಅಟ್ಟ ಸೇರಿತ್ತು. ಅಮ್ಮನಿಗೆ ಹೆದರುತ್ತಲೇ ಫೋನ್ ಮಾಡಿದೆ.

"ಅಯ್ಯೋ, ಅದನ್ನೂ ನಿಮ್ಮಜ್ಜಿಯ ತೂತು ಕೊಳಗ ಕೊಟ್ಟೇ ತಗೊಂಡಿದ್ದು ಕಣೇ" ಎಂದಳು ಅಮ್ಮ. ಅಜ್ಜಿಯ ಕೊಳಗಕ್ಕೂ ಮುಂಚೆ ಅದು ಏನಾಗಿತ್ತೋ, ಯಾವ ದೇಶದ ಕಲ್ಲಲ್ಲಿತ್ತೋ ಎಂದು ಕೇಳಿದರೆ, "ನಿನ್ ತಲೆ! ಮೊದ್ಲು ಗಿರಣಿ ಸರಿ ಮಾಡು" ಎಂದು ಫೋನ್ ಇಟ್ಟುಬಿಟ್ಟಳು.

ತುಮಕೂರಿನ ಅಂತರಸನಹಳ್ಳಿಯಲ್ಲಿ ಹಳೇ ತಾಮ್ರ ತೆಗೆದುಕೊಂಡು ಹೊಸ ತಂತಿ ಕೊಡುವವರಿದ್ದಾರೆ. ಮಾವನವರು ಸ್ಕೂಟರಿನಲ್ಲಿ ಕರೆದುಕೊಂಡು ಹೋದರು, ದಾರಿಯುದ್ದಕ್ಕೂ ಒಂದು ಮಾತೂ ಬೈಯಲಿಲ್ಲ. ಅಲ್ಲಿನವನು ಹಂಡೆಯ ಕತ್ತಿಗೆ ಉಳಿ ಇಟ್ಟು ಹೊಡೆದಾಗ ಅಳು ತಡೆಯಲಾಗಲಿಲ್ಲ. ಅತ್ತುಕೊಂಡೇ, ಇದನ್ನು ಕರಗಿಸಿ ತಂತಿ ಎಳೆಯುವುದು ಹೇಗೆ ಎಂದು ಕೇಳಿದೆ. ಅವನು ಮಾವನವರ ಮುಖ ನೋಡಿದ. ಕೊಟ್ಟ ತಂತಿಯ ತುದಿಯನ್ನು ಅಲ್ಲೇ ಬ್ಲೇಡಿನಲ್ಲಿ ಕೆರೆದೆ. ಕೆಂಪಗಿತ್ತು.

ಎರಡು ದಿನಕ್ಕೆ ಗಿರಣಿ ಶುರುವಾಯಿತು. ಬಿಂದಿಗೆಗೆಂದು ಇಟ್ಟಿದ್ದ ತಾಮ್ರದ ಚೀಲ ಮತ್ತೆ ಮೊಳೆಗೆ ಹೋಯಿತು. ಈಗಲೂ ರಾಗಿ ಬೀಸಿಸಲು ಹೋದಾಗಲೆಲ್ಲ ಆ ಮೋಟಾರಿನ ಬೆನ್ನ ಮೇಲೆ ಕೈಯಿಡುತ್ತೇನೆ.

"ಇನ್ನೂ ಅನುಮಾನಾನ?" ಎಂದು ಅಕ್ಕ ನಗುತ್ತಾಳೆ.

ಅನುಮಾನವಲ್ಲ. ಅದು ಸುಡುವುದಿಲ್ಲ, ಚಿಕ್ಕಂದಿನಲ್ಲಿ ಅಮ್ಮ ನನ್ನ ತಲೆಗೆ ಹೊಯ್ಯುತ್ತಿದ್ದ ನೀರಿನಷ್ಟೇ ಬೆಚ್ಚಗಿರುತ್ತದೆ.