ಪಾಸ್ಟರ್ ವಾಪಸ್ ಕೊಟ್ಟ ಗುಳಿಗೆ

“ನನ್ನ ಶುಗರ್ ವಾಸಿಯಾಗಿದೆ” ಎಂದು ಮುಂಬೈಯ ದಹಿಸರ್‌ನ ನಮ್ಮ ಪೆಂಟೆಕೋಸ್ಟಲ್ ಸಭೆಯಲ್ಲಿ ನಾನು ಸಾಕ್ಷಿ ಹೇಳುತ್ತಿದ್ದಂತೆ ಪಾಸ್ಟರ್ ಮೈಕ್ ಕಸಿದುಕೊಂಡರು. ಹಿಂದಿನ ಭಾನುವಾರ, ರೋಗ ವಾಸಿಮಾಡುವ ಪ್ರಸಂಗಿಯೊಬ್ಬರ ಮಾತು ನಂಬಿ ನಾವು ಹಲವರು ವೇದಿಕೆಯ ಬುಟ್ಟಿಗೆ ಔಷಧಿ ಹಾಕಿದ್ದೆವು. ಪಾಸ್ಟರ್ ಅದೇ ಬುಟ್ಟಿಯಿಂದ ನನ್ನ ಗುಳಿಗೆ ಹುಡುಕಿ ಕೈಗಿಟ್ಟರು.

“ಸಿಸ್ಟರ್, ದೇವರು ಗುಣಾ ಮಾಡಿದ್ರ ರಿಪೋರ್ಟ್‌ನಾಗೂ ಕಾಣಸ್ತೈತಿ. ಮೊದಲ ಟೆಸ್ಟ್ ಮಾಡಸ್ರಿ, ಆಮ್ಯಾಲೆ ಸಾಕ್ಷಿ ಹೇಳ್ರಿ. ಔಷಧಿ ಹಾಕಿಸಿದ ಆ ಮನಷ್ಯಾನ್ನ ಇನ್ನ ನಮ್ಮ ಯಾವ ಸಭಾಕ್ಕೂ ಕರಿಯಂಗಿಲ್ಲಂತ ಹಿರಿಯರು ತೀರ್ಮಾನ ಮಾಡ್ಯಾರ.”

ಎಲ್ಲರೆದುರು ಮರ್ಯಾದೆ ಹೋಯಿತೆಂದು ಕುದ್ದುಹೋದೆ. ಮರುದಿನ ಟೆಸ್ಟ್ ಮಾಡಿಸಿದರೆ ಶುಗರ್ ಮುನ್ನೂರು ದಾಟಿತ್ತು.

ಪ್ರಾರ್ಥನೆ ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಈಗ ಗುಳಿಗೆಯನ್ನು ಅಂಗೈಲಿ ಇಟ್ಟುಕೊಂಡೇ ಕಣ್ಣು ಮುಚ್ಚುತ್ತೇನೆ.