ಮುಚ್ಚಿದ ಕಣ್ಣು ತೆರೆಸುತ್ತಿದ್ದ ಉಳಿವೆಪ್ಪ

ಬದುಕಿರುವವರು ಉಳಿವೆಪ್ಪನ ಕ್ಯಾಮರಾದ ಮುಂದೆ ಕೂರುತ್ತಿರಲಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಸವೆಯುತ್ತದೆ ಎಂದು ಶಿಗ್ಗಾವಿ, ಹಾನಗಲ್ಲ ಸೀಮೆಯವರ ಗಟ್ಟಿ ನಂಬಿಕೆ. ಸತ್ತ ಮೇಲೆ ಸವೆಯುವುದು ಏನೂ ಉಳಿದಿರುವುದಿಲ್ಲವಲ್ಲ, ಆಗ ಹೇಳಿ ಕಳಿಸುತ್ತಿದ್ದರು. ಲಿಂಗಾಯತರು ಹೆಣವನ್ನು ಮಲಗಿಸುವವರಲ್ಲ. ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಬಳಿದು, ಕೂತಂತೆಯೇ ಮಣ್ಣು ಕೊಡುತ್ತಾರೆ. ಹಾಗೆ ಕೂತವರ ಎದುರು ಕರಿ ಬಟ್ಟೆಯೊಳಗೆ ತಲೆ ತೂರಿಸಿಯೇ ಉಳಿವೆಪ್ಪ ಕಸಬು ಕಲಿತದ್ದು. ಹೆಣ ಅಲುಗಾಡುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಕೆಟ್ಟರೆ ಬೈಯುವುದಿಲ್ಲ.

ಬೈಯುವವರು ಮನೆಯವರು. ಹಿರೇಕೆರೂರಿನ ಹತ್ತಿ ವ್ಯಾಪಾರಿಯೊಬ್ಬನ ತಾಯಿಯನ್ನು ತೆಗೆದಾಗ ಗಾಜಿನ ಪ್ಲೇಟಿಗೆ ಬೆಳಕು ಹೊಕ್ಕು ಎಲ್ಲ ಮಂಜುಮಂಜಾಗಿ ಬಂತು. "ನಮ್ಮವ್ವನ್ನ ತಗದು ಕೊಡು ಅಂದ್ರ ಒಲಿ ಹೊಗಿ ತಂದೀಯಲ್ಲೋ ಖೋಡಿ!" ಎಂದು ಆತ ಸಂತೆಯ ನಡುವೆ ಉಗಿದ. ಎರಡನೆಯ ಸಲ ತೆಗೆಯೋಣವೆಂದರೆ ಮುದುಕಿ ಮಣ್ಣಿನೊಳಗೆ. ಅವತ್ತು ಉಳಿವೆಪ್ಪ ಉಣ್ಣಲಿಲ್ಲ. ಬಿಸಿಲು, ನೆರಳು, ಕ್ಯಾಮರಾದ ಮುಚ್ಚಳ ತೆಗೆದು ಹಾಕುವ ಹೊತ್ತು, ಒಂದೊಂದನ್ನೂ ಕೆಡಿಸಿ ಕೆಡಿಸಿ ಕಲಿತ. ಕೈ ಕುದುರಿತು. ಆದರೂ ಜನರ ದೂರು ಒಂದು ಉಳಿಯಿತು.

"ಎಲ್ಲಾ ಚಲೋ ಬಂದೈತಿ ಖರೆ, ಕಣ್ಣ ಮುಚ್ಯಾವಲ್ಲೋ ಮಾರಾಯಾ. ಮಕ್ಕಳು ಅಂಜತಾವು."

ಕಣ್ಣು ತೆರೆಸುವ ವಿದ್ಯೆಗಾಗಿ ಆತ ಸೈಕಲ್ ತುಳಿದು ನವಾಬನ ಸವಣೂರಿಗೆ ಹೋದ. ಅಲ್ಲಿ ಕುಲಸುಮಬಿ ಎಂಬ ವಿಧವೆ ಇದ್ದಳು. ಗಂಡನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಪರದೆಯ ಮರೆಗೆ ಕೂತು, ಸೂಜಿಯಂತೆ ಕೆತ್ತಿದ ಪೆನ್ಸಿಲಿನಿಂದ ಪ್ಲೇಟು ತಿದ್ದಿ ಹೊಟ್ಟೆ ಹೊರೆಯುತ್ತಿದ್ದವಳು. ಪರದೆಯ ಕೆಳಗಿನಿಂದ ಪ್ಲೇಟು ದೂಡಬೇಕು, ಅವಳು ತಿದ್ದಿ ಹಿಂದೆ ದೂಡುತ್ತಾಳೆ. ಪಾಠವೆಂದರೆ ಅದೇ. ಗಾಜಿನ ಮೇಲೆ ಎಲ್ಲವೂ ಉಲ್ಟಾ. ಪೆನ್ಸಿಲ್ ಆಡಿಸಿದ ಜಾಗ ಕಾಗದದಲ್ಲಿ ಬೆಳ್ಳಗಾಗುತ್ತದೆ. ಮುಚ್ಚಿದ ರೆಪ್ಪೆಯ ಮೇಲೆ ಹಾಗೆ ಬಿಳಿ ತುಂಬಿ, ಕರಿ ಗುಡ್ಡೆಯನ್ನು ಆಮೇಲೆ ಕಾಗದದ ಮೇಲೆ ಕುಂಚದಿಂದ ಇಡಬೇಕು.

"ಗಾಜಿಗಿ ಮಾತ್ರ ಬ್ಲೇಡ್ ಹಚ್ಚಬ್ಯಾಡೋ ಭಾಯಿ," ಎಂದಿದ್ದಳು ಪರದೆಯ ಆಚೆಯಿಂದ. "ಪೆನ್ಸಿಲ್ ಒರಸಿದ್ರ ಹೋಕ್ಕೈತಿ. ಕೆರದಿದ್ದು ತಿರುಗಿ ಬರಂಗಿಲ್ಲ."

ಮೊದಮೊದಲು ಕೇಳಿದ. ಆದರೆ ಕುಂಚದ ಗುಡ್ಡೆ ಅಂಟಿಸಿದಂತೆ ಕಾಣುತ್ತಿತ್ತು. ಬ್ಲೇಡಿನ ತುದಿಯಿಂದ ಪ್ಲೇಟನ್ನೇ ಕೂದಲೆಳೆಯಷ್ಟು ಕೆರೆದರೆ ಆ ಜಾಗ ಕಾಗದದಲ್ಲಿ ಕಪ್ಪಾಗಿ, ಗುಡ್ಡೆ ಒಳಗಿನಿಂದ ಹೊಳೆಯುತ್ತಿತ್ತು. ಮಾಡಿ ನೋಡಿದ. ಹಾನಗಲ್ಲಿನ ಒಬ್ಬ ಗೌಡನ ಮನೆಯವರು ಫೋಟೋ ಕೈಗೆ ಬಂದದ್ದೇ ತಡ "ಅಪ್ಪಾ ನೋಡಾಕತ್ತಾನಲ್ಲೇ!" ಎಂದು ಅತ್ತುಬಿಟ್ಟರು. ಅಂದಿನಿಂದ ಉಳಿವೆಪ್ಪನ ನಡಿಗೆಯೇ ಬದಲಾಯಿತು. ಕುಲಸುಮಬಿಗೂ ಒಂದು ಪ್ಲೇಟು ತೋರಿಸಿದ. ಬಹಳ ಹೊತ್ತು ಒಳಗೇ ಇಟ್ಟುಕೊಂಡು ಹಿಂದೆ ದೂಡಿದಳು. "ನನಗಿಂತಾ ಚಲೋ ಮಾಡೀದಿ," ಎಂದಳು. "ಅದಕ್ಕ ಹೆದರಿಕಿ ಬರ್ತೈತಿ."

ನಲವತ್ತೆರಡರ ಚಳವಳಿ ಬಂತು. ಹಳ್ಳಿ ಹಳ್ಳಿಯಲ್ಲಿ ಚಾವಡಿಯ ದಫ್ತರಗಳಿಗೆ ಬೆಂಕಿ ಬಿತ್ತು. ಹಾಗೆ ಬೆಂಕಿ ಇಟ್ಟವರಲ್ಲಿ ದುಂಡಸಿಯ ಶಿದ್ಲಿಂಗಪ್ಪನೂ ಒಬ್ಬ. ಹೊಳೆವ್ವನಿಗೆ ಒಬ್ಬನೇ ಮಗ. ಹಾನಗಲ್ಲಿನ ಕಡೆಯ ಅಡವಿಯಲ್ಲಿ ತಲೆಮರೆಸಿಕೊಂಡಿದ್ದವನಿಗೆ ಚಳಿಜ್ವರ ಹತ್ತಿತು. ಗಡ್ಡ ಬಿಟ್ಟು, ಎಲುಬಿನ ಹಂದರವಾಗಿ ಮನೆಗೆ ಬಂದ. ಅವ್ವನ ತೊಡೆಯ ಮೇಲೆ ಬೆಳಗಿನ ಜಾವಕ್ಕೆ ಸತ್ತ.

ಹೊಳೆವ್ವನ ತಮ್ಮ ಪರಮೇಶಪ್ಪ ಬಂದು ಉಳಿವೆಪ್ಪನನ್ನು ಕರೆದೊಯ್ದ. ಒಳಮನೆಯಲ್ಲಿ ಮಗನನ್ನು ಕೂರಿಸಿದ್ದರು. ಹೊಳೆವ್ವ ಸೆರಗಿನ ಉಂಡೆ ಬಾಯಿಗೆ ತುರುಕಿಕೊಂಡಿದ್ದಳು. ಅಡಗಿಸಿಟ್ಟವರ ಹೊಲ ಜಪ್ತಿ, ಅವರಿಗೆ ಜೈಲು ಎಂದು ಊರಲ್ಲಿ ಡಂಗುರ ಬಿದ್ದಿತ್ತು.

ಸೆರಗು ತೆಗೆದು ಮೆಲ್ಲಗೆ ಅಂದಳು: "ಅಳಾಕೂ ಆಗವಲ್ದೋ ತಮ್ಮಾ. ಓಣಿಗೆ ಕೇಳಸ್ತೈತಿ. ಮಾಲಿ ಹಾಕಿಲ್ಲ ನೋಡು, ಫೋಟೋದಾಗ ನೀನೂ ಬರೀಬ್ಯಾಡ. ಕಣ್ಣ ತೆರಿಸಿ ಕೊಡು. ಉಂಡು ಕುಂತಾನ ಅನಸಬೇಕು ನನಗ."

ಉಳಿವೆಪ್ಪ ತನ್ನ ವಿದ್ಯೆಯನ್ನೆಲ್ಲ ಆ ಪ್ಲೇಟಿಗೆ ಸುರಿದ. ಅಷ್ಟು ಚೆಂದದ ಕೆಲಸ ಹಿಂದೆ ಮಾಡಿರಲಿಲ್ಲ, ಮುಂದೆ ಮಾಡಲೂ ಇಲ್ಲ. ಶಿದ್ಲಿಂಗಪ್ಪನನ್ನು ಉಳಿವೆಪ್ಪನ ಕಣ್ಣೆದುರೇ ಅವನದೇ ಹೊಲದಲ್ಲಿ ಕೂರಿಸಿ ಮಣ್ಣು ಕೊಟ್ಟು, ಗುರುತು ಸಿಗದ ಹಾಗೆ ಮೇಲೆ ಕುಂಟೆ ಹೊಡೆದು ಜೋಳ ಬಿತ್ತಿದರು.

ಪೈರು ಮೊಣಕಾಲೆತ್ತರ ಬಂದಾಗ ಪೊಲೀಸರು ಮನೆ ಶೋಧಿಸಿದರು. ಜೋಳದ ಕಣಜದಲ್ಲಿ ಫೋಟೋ ಸಿಕ್ಕಿತು. ಪರಮೇಶಪ್ಪ ಏದುಸಿರು ಬಿಡುತ್ತ ಶಿಗ್ಗಾವಿಗೆ, ಉಳಿವೆಪ್ಪನ ಮನೆಗೆ ಬಂದ.

"ಫೌಜದಾರ ಗಡ್ಡ ನೋಡಿದ. ಓಡಿಹೋಗೂಮುಂದ ಇವಗ ಗಡ್ಡ ಇರಲಿಲ್ಲ, ಅಂದಮ್ಯಾಗ ಈಗೀಗ ಮನಿಗೆ ಬಂದು ಫೋಟೋ ತಗಿಸ್ಯಾನ, ಎಲ್ಲಿಟ್ಟೀ ಹೇಳು ಅಂತ ಅಕ್ಕನ್ನ ಠಾಣೆಕ ಒಯ್ದಾನ. ಹೊಡ್ಯಾಕತ್ತಾರೋ."

"ಸತ್ತಾನಂತ ಹೇಳಬಾರದ?"

"ಹೇಳಿದ್ರ ಮಣ್ಣ ಎಲ್ಲಿ ಕೊಟ್ಟೀರಿ ತೋರಸ್ರಿ ಅಂತಾರ. ಅಗಿತಾರ. ಅಕ್ಕ ಬಾಯಿ ಬಿಡವಲ್ಲಳು."

ತೆರೆದ ಕಣ್ಣನ್ನು ಮತ್ತೆ ಮುಚ್ಚಿಸಲೆಂದು ಉಳಿವೆಪ್ಪ ಪ್ಲೇಟು ಕಟ್ಟಿಕೊಂಡು ಸವಣೂರಿಗೆ ಓಡಿದ. ಕುಲಸುಮಬಿ ಎಣ್ಣೆ ಹಚ್ಚಿ ಪೆನ್ಸಿಲನ್ನು ಒರೆಸಿದಳು. ಬಿಳಿ ಹೋಯಿತು, ಕೆರೆದ ಗುಡ್ಡೆ ಹೋಗಲಿಲ್ಲ. ಮುಚ್ಚಿದ ರೆಪ್ಪೆಯ ಸಂದಿನಿಂದ ಶಿದ್ಲಿಂಗಪ್ಪ ಅರೆಗಣ್ಣು ಬಿಟ್ಟು ನೋಡುತ್ತಿದ್ದ.

"ಇಷ್ಟ ನೋಡಪಾ ನನ್ನ ಕೈಲಿ ಆಗೂದು," ಎಂದಳು ಕುಲಸುಮಬಿ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಿತ್ತು.

ಅದನ್ನೇ ಅಚ್ಚು ಹಾಕಿ ಠಾಣೆಗೆ ಒಯ್ದ. "ಸಾಹೇಬ್ರ, ಈತ ಸತ್ತಾನ್ರಿ. ಕಣ್ಣು ನಾನ ತೆರದಿದ್ದು." ಫೌಜದಾರ ಎರಡೂ ಫೋಟೋ ಒಟ್ಟಿಗೆ ಹಿಡಿದು ನಕ್ಕ.

"ಅದರಾಗ ಎಚ್ಚರ ಇದ್ದ, ಇದರಾಗ ತೂಕಡಸಾಕತ್ತಾನ. ನಾಳೆ ಗೊರಕಿ ಹೊಡ್ಯೂದನ್ನ ತರ್ತೀಯೇನಲೇ?"

ಒಳಕೋಣೆಯ ಬಾಗಿಲು ತೆರೆದಿತ್ತು. ಹೊಳೆವ್ವ ಗೋಡೆಗೆ ಆನಿಸಿಕೊಂಡು ಕೂತಿದ್ದಳು. ಅಂಗಾಲು ಬಾತು ಸೀಳಿದ್ದವು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಉಳಿವೆಪ್ಪನನ್ನು ನೋಡಿ ತಲೆಯಲ್ಲಾಡಿಸಿದಳು. ಬೇಡ ಎಂದು. ಅವನಿಗೆ ಅದು ಅರ್ಥವಾಯಿತು. ಅರ್ಥವಾಗಿಯೂ ಹೊಲದ ಗುರುತು ಹೇಳಿಬಿಟ್ಟ.

ಜೋಳ ಕಿತ್ತು ಅಗೆದರು. ಎದೆಯುದ್ದದ ಗುಂಡಿಯಲ್ಲಿ ಶಿದ್ಲಿಂಗಪ್ಪ ಕೂತೇ ಇದ್ದ. ಪೊಲೀಸರು ಮೂಗಿಗೆ ಬಟ್ಟೆ ಹಿಡಿದು ಹಿಂದೆ ಸರಿದರು. ಫೌಜದಾರ ಉಳಿವೆಪ್ಪನ ಕಡೆ ತಿರುಗಿದ. "ಸರಕಾರಕ್ಕ ಬೇಕು. ತಗಿ." ಉಳಿವೆಪ್ಪ ಕ್ಯಾಮರಾ ನಿಲ್ಲಿಸಿದ, ಕರಿ ಬಟ್ಟೆಯೊಳಗೆ ತಲೆ ಹಾಕಿದ, ಬಿಸಿಲು ನೋಡಿ ಮುಚ್ಚಳ ತೆಗೆದು ಹಾಕಿದ. ಈ ಸಲ ಬೆಳಕು ಹೊಗಲಿಲ್ಲ. ಅಷ್ಟು ಕಲಿತಿದ್ದ. ಆ ಪ್ಲೇಟಿಗೆ ಪೆನ್ಸಿಲ್ ಕೂಡ ಮುಟ್ಟಿಸಲಿಲ್ಲ.

ಆಮೇಲೆ ಹೆಣವನ್ನು ಚಾಪೆಯಲ್ಲಿ ಸುತ್ತಿ ಚಕ್ಕಡಿಯಲ್ಲಿ ಡಾಕ್ಟರನಿಗೆ ತೋರಿಸಲು ಒಯ್ದರು. ಡಾಕ್ಟರ ನೋಡಿದ ಮೇಲೆ ಊರಾಚೆಯ ಬಯಲಲ್ಲಿ ಗುಂಡಿ ತೋಡಿ, ಅದೇ ಚಾಪೆಯಲ್ಲಿ ಅಡ್ಡಡ್ಡ ಎಸೆದು ಮುಚ್ಚಿದರು. ಉಳಿವೆಪ್ಪ ಕೈಗೆ ಬೇಡಿ ಬಿದ್ದವನು, ನಿಂತು ನೋಡಿದ. ಹೊಳೆವ್ವನನ್ನು ಬಿಟ್ಟರು. ಹೊಲ ಹೋಯಿತು. ಪರಮೇಶಪ್ಪನಿಗೂ ಉಳಿವೆಪ್ಪನಿಗೂ ಜೈಲಾಯಿತು.

ಬಿಡುಗಡೆಯಾದ ಮೇಲೆ ಉಳಿವೆಪ್ಪ ಮನೆಗೆ ಹೋಗಲಿಲ್ಲ, ನೇರ ದುಂಡಸಿಗೆ ಹೋದ. ಹೊಳೆವ್ವ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ತಲೆ ಎತ್ತದೆ ಬೀಜ ತೆಗೆಯುತ್ತ ಹೋದಳು.

"ಹೊಡತ ನನ್ನ ಮೈಗೆ ಬೀಳತಿದ್ವು, ನಿನ್ನ ಮೈಗಲ್ಲ," ಎಂದಳು ಕೊನೆಗೆ. "ಅವನ್ನ ಯಾಕ ಎಬ್ಬಿಸಿದಿ?"

"ನೀ ಸಾಯ್ತಿದ್ದಿ ಯವ್ವಾ."

"ಸತ್ತಿದ್ರ ಅವನ ಬಾಜೂಕ ಕುಂದರಸ್ತಿದ್ರು."

ಹೊಳೆವ್ವ ಬೀಜ ತೆಗೆಯುವ ಕೈ ನಿಲ್ಲಿಸಿದಳು.

"ಎರಡನೇ ಸಲ ಮಣ್ಣು ಕೊಡೂಮುಂದ ನೀ ಇದ್ದಿಯಂತ. ಕುಂದರಿಸಿದ್ರೇನು?"

"ಕುಂದರಿಸಿದ್ರು ಯವ್ವಾ," ಎಂದ ಉಳಿವೆಪ್ಪ. "ಇಬೂತಿ ಹಚ್ಚಿ, ಗ್ವಾಡಿಗೆ ಆನಿಸಿ ಕುಂದರಿಸಿದ್ರು. ನನ್ನ ಕಣ್ಣಾರೆ ನೋಡೇನಿ."

ಹೊಳೆವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒಯ್ಯದೆ, ಓಣಿಗೆಲ್ಲ ಕೇಳುವ ಹಾಗೆ ದನಿ ತೆಗೆದು ಅತ್ತಳು.