ಹಲ್ಲಿಗೆ ಕೇಳಿಸುವ ಮ್ಯಾಂಡೋಲಿನ್

ಅಲ್ಜಿಯರ್ಸ್‌ನ ಬಾಬ್ ಎಲ್ ಊದ್ ಕೇರಿಯಲ್ಲಿ ಯಾರಾದರೂ ಮ್ಯಾಂಡೋಲಿನ್ ಕೊಳ್ಳಲು ಹೊರಟರೆ ಮೊದಲು ನಮ್ಮ ಕಟ್ಟಡದ ಮೂರು ಮಹಡಿ ಹತ್ತಿ ಮೆರ್ಝಾಕ್ ಚಿಕ್ಕಪ್ಪನ ಬಾಗಿಲು ತಟ್ಟುತ್ತಿದ್ದರು. ಅವರು ನನಗೆ ಚಿಕ್ಕಪ್ಪನೇನೂ ಅಲ್ಲ. ಇಡೀ ಕೇರಿಗೇ ಚಿಕ್ಕಪ್ಪ. ಮೂವತ್ತೊಂದು ವರ್ಷ ಬಂದರಿನಲ್ಲಿ ಹಡಗುಗಳ ತಳದ ತುಕ್ಕನ್ನು ಸುತ್ತಿಗೆಯಿಂದ ಬಡಿದು ಉದುರಿಸಿದವರು. ಗುರುವಾರ ಬಂತೆಂದರೆ ಅದೇ ಕೈ ತೊಳೆದು, ಬಿಳಿ ಅಂಗಿ ತೊಟ್ಟು, ಶೇಖ್ ಬೂಜೆಮಾ ಅವರ ಮದುವೆ ಮೇಳದಲ್ಲಿ ಮ್ಯಾಂಡೋಲಿನ್ ಹಿಡಿದು ಕೂರುತ್ತಿದ್ದರು. ಶಾಬಿ ಎಂಬ ನಮ್ಮ ಊರಿನ ಜನಪದ ಹಾಡಿನಲ್ಲಿ ಶೇಖ್ ಒಂದು ಸಾಲು ಹಾಡಿ ನಿಲ್ಲಿಸಿದರೆ ವಾದ್ಯಗಳು ಜವಾಬು ಕೊಡಬೇಕು. ಆ ಜವಾಬು ಕೂದಲೆಳೆಯಷ್ಟು ತಡವಾದರೂ ಕೂತವರ ಮುಖ ಗಂಟಾಗುತ್ತದೆ. ಮೆರ್ಝಾಕ್ ಚಿಕ್ಕಪ್ಪನ ಜವಾಬು ಎಂದೂ ತಡವಾದದ್ದಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು.

ಹೊಸ ವಾದ್ಯ ಪರೀಕ್ಷಿಸುವುದಕ್ಕೆ ಅವರದೊಂದು ರೀತಿಯಿತ್ತು. ತಂತಿ ಮೀಟಿ, ಬಿರಡೆಗಳಿರುವ ತಲೆಯನ್ನು ಮುಂದಿನ ಹಲ್ಲುಗಳಿಗೆ ಒತ್ತಿಕೊಂಡು ಕಣ್ಣು ಮುಚ್ಚುವರು. ಹಳೆಯ ಕಾಲದ ವಾದಕರು ಮರದ ಗುಣ ತಿಳಿಯುತ್ತಿದ್ದದ್ದೇ ಹಾಗಂತೆ. ಆದರೆ ಈಚೆಗೆ ಮೇಳದವರು, "ಏನ್ ಚಿಕ್ಕಪ್ಪ, ಬ್ರೆಡ್ ಸಾಲ್ದೆ ಮ್ಯಾಂಡೋಲಿನ್ನೂ ತಿಂತೀರಾ?" ಎಂದು ಛೇಡಿಸತೊಡಗಿದ್ದರು. ಅಂದಿನಿಂದ ಅವರು ನಾಲ್ಕು ಜನರೆದುರು ವಾದ್ಯವನ್ನು ಹಲ್ಲಿನ ಹತ್ತಿರ ತಂದದ್ದನ್ನು ನಾನು ಕಂಡಿರಲಿಲ್ಲ.

ನನ್ನ ಏಳು ವರ್ಷದ ಮಗಳು ನಿಹಾಲ್‌ಗೆ ಅವರೇ ಪಾಠ ಹೇಳುತ್ತಿದ್ದರು. ಅವಳಿಗೆ ಸ್ವಂತದ್ದೊಂದು ವಾದ್ಯ ಬೇಕಾಯಿತು. ನಮ್ಮ ಕೈಗೆಟಕುವ ಬೆಲೆಯಲ್ಲಿ ರೆದ್ವಾನ್‌ನ ಅಂಗಡಿಯಲ್ಲಿ ಮೂರು ಇವೆಯೆಂದು ತಿಳಿಯಿತು. ನಾನು ಮೂರು ರಾತ್ರಿ ಅದನ್ನೂ ಇದನ್ನೂ ಓದಿ ಒಂದು ಚೀಟಿ ಬರೆದುಕೊಂಡೆ: ತಂತಿಗಳು ಮೆಟ್ಟಿಲುಗಳಿಂದ ಎಷ್ಟು ಎತ್ತರದಲ್ಲಿವೆ, ಬಿರಡೆ ಜಾರುತ್ತದೆಯೇ, ಕುತ್ತಿಗೆ ಬಾಗಿದೆಯೇ. ಗಂಡ ನಕ್ಕು, ಮಗಳಿಗೆ ಗಂಡು ನೋಡುವಾಗಲೂ ಚೀಟಿ ಬರೆದುಕೋ ಎಂದ. ಚೀಟಿ ಇದ್ದರೂ ಧೈರ್ಯ ಬರಲಿಲ್ಲ. ಚಿಕ್ಕಪ್ಪನನ್ನು ಜೊತೆಗೆ ಬನ್ನಿ ಎಂದು ಬೇಡಿಕೊಂಡೆ. ಅವರು ಎರಡು ಸಲ ಕಾಲುನೋವಿನ ನೆಪ ಹೇಳಿದರು. ಮೂರನೆಯ ಸಲ ನಿಹಾಲ್ ಹೋಗಿ ಕೈ ಹಿಡಿದೆಳೆದಳು.

ರೆದ್ವಾನ್ ಅದೇ ಮೇಳದಲ್ಲಿ ದರ್ಬೂಕ ಡೋಲು ಬಾರಿಸುವವನು ಎಂಬುದು ನನಗೆ ಗೊತ್ತಿತ್ತು. ಅದರಿಂದ ಏನಾಗಬಹುದು ಎಂದು ಮಾತ್ರ ನಾನು ಯೋಚಿಸಿರಲಿಲ್ಲ.

ಮೊದಲನೆಯದು ಹೊರದೇಶದ ಕಾರ್ಖಾನೆಯದು. ಮೈಯೆಲ್ಲ ಥಳಥಳ, ಆದರೆ ತಂತಿಗಳ ಕೆಳಗೆ ನನ್ನ ಕಿರುಬೆರಳೇ ತೂರುವಷ್ಟು ಜಾಗ. ನಿಹಾಲ್ ಒತ್ತಿ ನೋಡಿ ಬೆರಳನ್ನು ಬಾಯಿಗಿಟ್ಟುಕೊಂಡಳು. ಎರಡನೆಯದು ನಮ್ಮ ಹಳೆಪೇಟೆ ಕಸ್ಬಾದಲ್ಲೇ ಮಾಡಿದ್ದು. ತೆಳು ಹಲಗೆ, ತಗಡು ಬಡಿದಂಥ ದೊಡ್ಡ ದನಿ. ಮೂರನೆಯದು ಯಾರೋ ಮಾರಿಹೋದ ಹಳೆಯದು. ಬೆನ್ನು ಕುಂಬಳಕಾಯಿಯ ಹೋಳಿನಂತೆ ದುಂಡಗಿತ್ತು, ರಂಧ್ರದ ಪಕ್ಕದಲ್ಲೊಂದು ಬಿರುಕಿತ್ತು. ಅದನ್ನು ರೆದ್ವಾನ್ ಮೀಟಿದಾಗ ನಿಹಾಲ್ ಬಾಯಿ ತೆರೆದು ನಿಂತಳು. ದನಿ ಸಣ್ಣದು, ಆದರೆ ಬೇಗ ಸಾಯುತ್ತಿರಲಿಲ್ಲ.

ಚಿಕ್ಕಪ್ಪ ಹಳೆಯದನ್ನು ಮೀಟಿ ಕೆಳಗಿಟ್ಟರು. "ಇದು ಸತ್ತು ಹೋಗಿದೆ ಮಗಳೇ. ಮೇಲಿನ ತಂತಿ ಉಸಿರೇ ಎತ್ತಲ್ಲ. ಆ ಕಸ್ಬಾದ್ದು ತಗೋ, ಅದು ಮಾತಾಡುತ್ತೆ."

ರೆದ್ವಾನ್ ಚಹಾದ ಲೋಟವನ್ನು ಬಾಯಿಯ ಬಳಿ ತಂದವನು ಹಾಗೇ ನಿಲ್ಲಿಸಿದ.

ಚಿಕ್ಕಪ್ಪ ಕಸ್ಬಾದ್ದನ್ನು ಶ್ರುತಿ ಮಾಡಲು ಕೂತರು. ಮ್ಯಾಂಡೋಲಿನ್‌ನಲ್ಲಿ ತಂತಿಗಳು ಜೋಡಿ ಜೋಡಿ. ಎರಡೂ ಒಂದೇ ದನಿ ಆಗಬೇಕು. ಅವರು ಎಲ್ಲಕ್ಕಿಂತ ಮೇಲಿನ ಸ್ವರದ ಜೋಡಿಯನ್ನು ತಿರುಗಿಸಿ, ಮೀಟಿ, ಸರಿಹೋಯಿತೆಂಬಂತೆ ತಲೆದೂಗಿದರು. ಆ ಎರಡು ತಂತಿಗಳು ಒಂದಕ್ಕೊಂದು ಕಚ್ಚಾಡುತ್ತಿದ್ದವು. ಸಂಗೀತ ಕಲಿಯದ ನನಗೂ ಹಲ್ಲು ಜುಮ್ಮೆಂದಿತು. ನಿಹಾಲ್ ಎರಡೂ ಕಿವಿ ಮುಚ್ಚಿಕೊಂಡು ಏನೋ ಹೇಳಲು ಹೊರಟಳು. ನಾನು ಅವಳ ತೋಳು ಚಿವುಟಿದೆ. ಜೋರಾಗಿಯೇ ಚಿವುಟಿದೆನೇನೋ. ಚಿಕ್ಕಪ್ಪ ಹೇಳಿದ ಮೇಲೆ ಮುಗಿಯಿತು, ಇದನ್ನೇ ಕಟ್ಟಿಕೊಡು ಎಂದು ರೆದ್ವಾನ್‌ಗೆ ಹೇಳಿದೆ. ಬೇಡದ ವಾದ್ಯಕ್ಕೆ ದುಡ್ಡು ಸುರಿದರೂ ಚಿಂತೆಯಿಲ್ಲ, ಅವನು ಇನ್ನೊಂದು ನಿಮಿಷ ಕೇಳಿಸಿಕೊಳ್ಳದಿದ್ದರೆ ಸಾಕು ಅನ್ನಿಸಿತ್ತು.

ಆದರೆ ನಿಹಾಲ್ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿಯೇಬಿಟ್ಟಳು. "ಅಜ್ಜ, ಅವೆರಡೂ ಜಗಳ ಆಡ್ತಿವೆ. ನಿಂಗೆ ಕೇಳಿಸ್ತಿಲ್ವಾ?"

ಚಿಕ್ಕಪ್ಪ ಅವಳನ್ನು ನೋಡಿದರು, ಆಮೇಲೆ ರೆದ್ವಾನ್‌ನನ್ನು, ಕೊನೆಗೆ ನನ್ನನ್ನು. ನಾನು ಚೀಟಿ ನೋಡುತ್ತಾ ನಿಂತಿದ್ದೆ. ಅವರು ನಿಧಾನವಾಗಿ ವಾದ್ಯವನ್ನೆತ್ತಿ ಅದರ ತಲೆಯನ್ನು ಹಲ್ಲಿಗೆ ಒತ್ತಿಕೊಂಡರು. ಮೀಟಿದರು, ಬಿರಡೆ ತುಸು ತಿರುಗಿಸಿದರು, ಮತ್ತೆ ಮೀಟಿದರು. ಜಗಳ ನಿಂತಿತು. ಆಮೇಲೆ ಯಾರೂ ಹೇಳದೆಯೇ ಹಳೆಯದನ್ನು ತೆಗೆದುಕೊಂಡು ಹಾಗೆಯೇ ಹಲ್ಲಿಗಿಟ್ಟರು. ಈ ಸಲ ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

"ಇದನ್ನೇ ತಗೋ ಮಗಳೇ," ಎಂದರು. "ನನ್ನ ಕಿವಿಯ ಮಾತು ನಂಬಬೇಡ."

ರೆದ್ವಾನ್ ಒಳ್ಳೆಯವನು. ಬಿರುಕಿಗೆ ಅಂಟು ಹಾಕಿಕೊಟ್ಟ, ಚೀಲವನ್ನು ಪುಕ್ಕಟೆ ಕೊಟ್ಟ. ಬಾಗಿಲ ತನಕ ಬಂದು, "ಗುರುವಾರ ನಿಮ್ಮ ಬೀದಿಯಲ್ಲೇ ಮದುವೆ, ಬರ್ತೀರಲ್ಲ ಚಿಕ್ಕಪ್ಪ?" ಎಂದು ಕೇಳಿದ. ಕೇಳುವಾಗ ಚಿಕ್ಕಪ್ಪನ ಮುಖ ನೋಡಲಿಲ್ಲ.

"ಗುರುವಾರ ಹಲ್ಲುನೋವು ಅಂತ ಶೇಖ್‌ಗೆ ಹೇಳು. ಮುಂದಿನ ವಾರ ನೋಡೋಣ."

ದಾರಿಯುದ್ದಕ್ಕೂ ನಾನೇ ಬಡಬಡಿಸಿದೆ. ಕಿವಿಯ ಡಾಕ್ಟರು, ಈಗ ಬಂದಿರುವ ಸಣ್ಣ ಯಂತ್ರಗಳು, ಅದನ್ನು ಹಾಕಿಕೊಂಡ ನನ್ನ ಗೆಳತಿಯ ಮಾವ. ಚಿಕ್ಕಪ್ಪ ತಲೆಯಾಡಿಸುತ್ತಿದ್ದರು. ಎಷ್ಟು ಕೇಳಿಸಿತೋ ತಿಳಿಯದು. ನಾನು ಕರೆದೊಯ್ಯದಿದ್ದರೆ ಇನ್ನೊಂದು ವರ್ಷ ಹೇಗೋ ಸಾಗುತ್ತಿತ್ತೇನೋ. ಇಲ್ಲ, ಯಾವುದೋ ಮದುವೆಯಲ್ಲಿ ಎಲ್ಲರೆದುರು ಆಗಿಬಿಡುತ್ತಿತ್ತೇನೋ. ಇದನ್ನು ಎಷ್ಟು ಸಲ ತಿರುವಿ ಹಾಕಿದರೂ ನನಗೆ ಸಮಾಧಾನವಿಲ್ಲ.

ಗುರುವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಎದುರು ಕಟ್ಟಡದ ಅಂಗಳದಲ್ಲಿ ಮೇಳ ಕೂತಿತು. ಚಿಕ್ಕಪ್ಪ ನಮ್ಮ ಮನೆಗೆ ಪಾಠ ಹೇಳಲು ಬಂದಿದ್ದರು. ಗುರುವಾರ ಎಂದೂ ಬಂದವರಲ್ಲ. ಬಿಳಿ ಅಂಗಿ ತೊಟ್ಟಿದ್ದರು. ನಾನು ಕಾಫಿ ಕೊಟ್ಟೆ, ಎಳ್ಳಿನ ಬಿಸ್ಕತ್ತು ಇಟ್ಟೆ, ಅವರು ಮುಟ್ಟಲಿಲ್ಲ. ದರ್ಬೂಕದ ಪೆಟ್ಟು ನೆಲದಿಂದ ಕಾಲಿಗೆ ಬರುತ್ತಿತ್ತು, ಅದಕ್ಕೆ ಅವರ ಹೆಬ್ಬೆರಳು ಆಡುತ್ತಿತ್ತು. ಕಿಟಕಿ ಮುಚ್ಚಲೆಂದು ನಾನು ಎದ್ದಾಗ ಬೇಡವೆಂದು ಕೈಸನ್ನೆ ಮಾಡಿದರು.

ಶೇಖ್ ಮೊದಲ ಸಾಲು ಹಾಡಿ ನಿಲ್ಲಿಸಿದರು. ಕೂಡಲೇ ಮ್ಯಾಂಡೋಲಿನ್ ಜವಾಬು ಕೊಟ್ಟಿತು. ಸ್ಪಷ್ಟವಾಗಿ, ಒಂದಿಷ್ಟೂ ತಡವಿಲ್ಲದೆ. ಯಾರೋ ಹೊಸಬ.

ಚಿಕ್ಕಪ್ಪ ನಿಹಾಲ್‌ಳ ಕಡೆ ಬಾಗಿದರು. "ಪುಟ್ಟಿ, ಮ್ಯಾಂಡೋಲಿನ್ ಕೇಳಿಸ್ತಿದ್ಯಾ?"

ನಿಹಾಲ್ ನನ್ನ ಮುಖ ನೋಡಿದಳು. ನಾನು ಏನೂ ಸನ್ನೆ ಮಾಡಲಿಲ್ಲ, ದೇವರಾಣೆ ಮಾಡಲಿಲ್ಲ. ಅವಳ ಕೈ ಮಾತ್ರ ತಾನಾಗಿ ತೋಳಿನ ಮೇಲೆ, ನಾನು ಚಿವುಟಿದ್ದ ಜಾಗಕ್ಕೆ ಹೋಯಿತು.

"ಇಲ್ಲ ಅಜ್ಜ," ಎಂದಳು. "ದರ್ಬೂಕ ಒಂದೇ."

ಅವರು ಹಿಂದಕ್ಕೊರಗಿ ಬಿಸ್ಕತ್ತಿಗೆ ಕೈ ಚಾಚಿದರು. "ಹಾಗಿದ್ರೆ ನನ್ನ ಜಾಗ ಇನ್ನೂ ಹಾಗೇ ಬಿಟ್ಟಿದ್ದಾರೆ," ಎಂದರು.